ತಾತನ ಷೆವರ್ಲೆಗೆ ಎಷ್ಟು ಇಂಚಿನ ಪೈಪು? ಜೆ.ಸಿ. ರೋಡ್ ಗಲ್ಲಿಯ ಸೈಲೆನ್ಸರ್ ಅಂಗಡಿ

ಇದು ಉದ್ದ ಇದೆ, ಮೊದಲೇ ಹೇಳಿಬಿಡುತ್ತೇನೆ. ಆದರೆ ಮನೆಯಲ್ಲಿ ಹಳೇ ಪಿಕಪ್ಪೋ ಲಾರಿಯೋ ಜೀಪೋ ಇಟ್ಟುಕೊಂಡು ಅದಕ್ಕೆ ಹೊಸ ಸೈಲೆನ್ಸರ್ ಪೈಪು ಹಾಕಿಸಬೇಕು ಅಂತ ಇರುವವರು ದಯವಿಟ್ಟು ಪೂರ್ತಿ ಓದಿ. ಒಂದೇ ಕೆಲಸಕ್ಕೆ ನಾನು ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಮೊದಲನೇ ಸಲ ಕೊಟ್ಟದ್ದು ಪೂರ್ತಿ ದಂಡ. ಎರಡನೇ ಸಲ ಕೊಟ್ಟದ್ದರ ಬಗ್ಗೆ ಒಂದು ರೂಪಾಯಿಯಷ್ಟೂ ಬೇಜಾರಿಲ್ಲ. ಆ ಎರಡನೇ ಅಂಗಡಿಯ ಬಗ್ಗೆಯೇ ಬರೆಯುತ್ತಿದ್ದೇನೆ.

ಅಂಗಡಿಗೆ ಬೋರ್ಡ್ ಇಲ್ಲ. ಬೆಂಗಳೂರಿನ ಜೆ.ಸಿ. ರೋಡಿನಿಂದ ಕಲಾಸಿಪಾಳ್ಯದ ಕಡೆಗೆ ಒಳಗೆ ಹೋಗುವ ಗಲ್ಲಿಗಳಲ್ಲಿ ಒಂದರಲ್ಲಿದೆ. ಬಾಗಿಲ ಮುಂದೆ ಹಳೇ ಸೈಲೆನ್ಸರ್‌ಗಳನ್ನು ಬಾಳೆಗೊನೆ ಹಾಗೆ ನೇತುಹಾಕಿರುತ್ತಾರೆ, ಅದೇ ಗುರುತು. ಅಕ್ಕಪಕ್ಕದ ಸ್ಪೇರ್ಸ್ ಅಂಗಡಿಗಳಲ್ಲಿ ‘ಸೈಲೆನ್ಸರ್ ಭಾಯ್’ ಅಂತ ಕೇಳಿದರೆ ಕೈ ತೋರಿಸುತ್ತಾರೆ. ಅವರು, ಅವರ ಅಳಿಯ, ಒಬ್ಬ ಹುಡುಗ, ಇಷ್ಟೇ ಜನ.

ಗಾಡಿ ಯಾವುದು ಅಂತ ಹೇಳದಿದ್ದರೆ ಉಳಿದದ್ದು ಅರ್ಥ ಆಗುವುದಿಲ್ಲ. 1954ರ ಷೆವರ್ಲೆ 3100 ಪಿಕಪ್. ತಾತ ಸಕಲೇಶಪುರದ ತೋಟಕ್ಕೆ ಅಂತ ಕೊಂಡದ್ದು. ಕಾಫಿ ಮೂಟೆ, ಗೊಬ್ಬರ, ತೋಟದ ಆಳುಗಳು, ಮದುವೆ ಮನೆಯ ಪಾತ್ರೆ ಪಗಡ, ಎಲ್ಲವನ್ನೂ ಹೊತ್ತಿದೆ. ಆ ವರ್ಷದ ಗಾಡಿಯನ್ನು ಗುರುತು ಹಿಡಿಯುವುದು ಸುಲಭ. ಅದಕ್ಕೆ ಮುಂಚಿನವುಗಳ ಮುಂದಿನ ಗಾಜು ಎರಡು ತುಂಡು, ಇದರದ್ದು ಬಾಗಿದ ಒಂದೇ ಗಾಜು. ಎಂಜಿನ್ ಒಂದೇ ಸಾಲಿನ ಆರು ಸಿಲಿಂಡರ್, 235 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 3.9 ಲೀಟರ್, ಪೆಟ್ರೋಲ್. ಕಂಪನಿ ಹೇಳಿದ ಶಕ್ತಿ 112 ಹಾರ್ಸ್ ಪವರ್, ಅದೂ 3,700 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 3,700 ಸುತ್ತಿಗೆ, ಹೋದಾಗ. ಇಷ್ಟು ದೊಡ್ಡ ಎಂಜಿನ್‌ಗೆ ಇಷ್ಟೇನಾ ಅನ್ನಿಸಬಹುದು. ಇದರ ಗುಣವೇ ಬೇರೆ. ಜೋರಾಗಿ ತಿರುಗುವುದು ಇದರ ಕೆಲಸ ಅಲ್ಲ, ನಿಧಾನಕ್ಕೆ ತಿರುಗುತ್ತಲೇ ಎತ್ತಿನ ಹಾಗೆ ಎಳೆಯುತ್ತದೆ. ಅಪ್ಪ ಇದನ್ನು ಸಂತೆ ಬೀದಿಯಲ್ಲಿ ಮೂರನೇ ಗೇರಲ್ಲೇ ನಡೆಸುತ್ತಿದ್ದರಂತೆ. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ. ಪೈಪಿನ ಸೈಜಿನ ವಿಷಯ ಪೂರ್ತಿ ಇದರ ಮೇಲೆ ನಿಂತಿದೆ.

ಜನರಲ್ ಮೋಟರ್ಸ್‌ನವರು ಮುಂಬೈನಲ್ಲಿ 1928ರಿಂದ ಗಾಡಿ ಜೋಡಿಸುತ್ತಿದ್ದರು, 1954ರಲ್ಲಿ ಆ ಕಾರ್ಖಾನೆ ಮುಚ್ಚಿದರು. ಈಗ ಇಂಥ ಗಾಡಿಯ ಸ್ಪೇರ್ಸ್‌ಗೆ ಗುಜರಿ ಹುಡುಕಬೇಕು, ಇಲ್ಲ ಅಮೆರಿಕದಿಂದ ತರಿಸಬೇಕು. ನಮ್ಮ ಗಾಡಿಯ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಲ್ಲ ಸಿಲಿಂಡರುಗಳ ಹೊಗೆಯನ್ನು ಸೇರಿಸಿ ಪೈಪಿಗೆ ಬಿಡುವ ಭಾಗ, ಎರಡು ವರ್ಷದ ಹಿಂದೆ ಸೀಳಿತು. ಅದು ಬೀಡು ಕಬ್ಬಿಣದ್ದು, ಉದ್ದವಾಗಿದೆ, ಕಾದಾಗ ಉದ್ದಕ್ಕೆ ಹಿಗ್ಗುತ್ತದೆ. ಯಾವಾಗಲೋ ಯಾರೋ ಎರಡೂ ತುದಿಯ ಬೋಲ್ಟ್‌ಗಳನ್ನು ಬಲ ಹಾಕಿ ಬಿಗಿದಿದ್ದರು. ಹಿಗ್ಗಲು ಜಾಗ ಇಲ್ಲದೆ ಬಿರುಕು ಬಿಟ್ಟಿತು. ಎರಡು ಸಲ ಬೀಡು ವೆಲ್ಡಿಂಗ್ ಮಾಡಿಸಿದೆ, ಎರಡು ಸಲವೂ ವೆಲ್ಡ್ ಪಕ್ಕದಲ್ಲೇ ಮತ್ತೆ ಸೀಳಿತು. ಕೊನೆಗೆ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬರುವಾಗ ಎರಡು ತುಂಡಿನ ಹೊಸ ಬೀಡಿನ ಮ್ಯಾನಿಫೋಲ್ಡ್ ತಂದುಕೊಟ್ಟ, ಸೂಟ್‌ಕೇಸಲ್ಲಿ ಬಟ್ಟೆ ಸುತ್ತಿ. ಮುಂದಿನ ಮೂರು ಸಿಲಿಂಡರಿಗೆ ಒಂದು ತುಂಡು, ಹಿಂದಿನ ಮೂರಕ್ಕೆ ಒಂದು. ಹೀಗೆ ಎರಡು ಭಾಗ ಮಾಡುವುದು ಈ ಎಂಜಿನ್‌ಗೆ ಹೊಸದೇನಲ್ಲ. ಷೆವರ್ಲೆಯವರ ಸ್ಪೋರ್ಟ್ಸ್ ಕಾರು, 1953ರ ಮೊದಲ ಕಾರ್ವೆಟ್‌ನಲ್ಲಿ ಇದೇ 235 ಎಂಜಿನ್ ಇತ್ತು, ಕಂಪನಿಯವರೇ ಅದಕ್ಕೆ ಎರಡು ಪೈಪು ಕೊಟ್ಟಿದ್ದರು.

ಈಗ ಒಂದು ಬಾಯಿಯ ಬದಲು ಎರಡು ಬಾಯಿ ಬಂತು. ಯಾವ ಸೈಜಿನ ಪೈಪು ಹಾಕಬೇಕು? ನನಗೆ ಗೊತ್ತಿರಲಿಲ್ಲ. ಗೊತ್ತಿರುವವರು ಅಂದುಕೊಂಡು ಊರ ಹೊರಗಿನ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಹೆಸರು ಬೇಡ. ಎಸಿ ರೂಮು, ಕಾಫಿ, ಗೋಡೆ ತುಂಬ ಫೋಟೋ. ‘ಅಮೆರಿಕನ್ ಗಾಡಿ ಸರ್, ದೊಡ್ಡ ಪೈಪ್ ಹಾಕಿದ್ರೇನೇ ಲುಕ್ಕು, ಪವರ್ರೂ ಜಾಸ್ತಿ ಆಗುತ್ತೆ’ ಅಂದರು. 2.5 ಇಂಚಿನ ಎರಡು ಸ್ಟೇನ್‌ಲೆಸ್ ಸ್ಟೀಲ್ ಪೈಪು, ಎರಡು ಸೈಲೆನ್ಸರ್, ಹಿಂದೆ ಎರಡು ಹೊಳೆಯುವ ತುದಿ. 46,000 ರೂಪಾಯಿ. ಮ್ಯಾನಿಫೋಲ್ಡಿನ ಬಾಯಿಗೆ ಅಳತೆ ಹಿಡಿದವರು ಒಬ್ಬರೂ ಇಲ್ಲ. ಇದು ನನಗೆ ಆಮೇಲೆ ಹೊಳೆಯಿತು.

ಮನೆ ಹನುಮಂತನಗರದಲ್ಲಿ. ಅಲ್ಲಿನ ಏರು ಗೊತ್ತಿರುವವರಿಗೆ ಗೊತ್ತು. ಯಾವತ್ತೂ ಎರಡನೇ ಗೇರಲ್ಲಿ ಹಾಯಾಗಿ ಹತ್ತುತ್ತಿದ್ದ ಗಾಡಿ ಅವತ್ತು ಅರ್ಧಕ್ಕೆ ಮುಕ್ಕರಿಯಿತು. ಒಂದನೇ ಗೇರಿಗೆ ಹಾಕಿ ಹತ್ತಿಸಬೇಕಾಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಮಾತ್ರ ಏರುತ್ತದೆ, ಗಾಡಿ ಏಳುವುದಿಲ್ಲ. 50 ಕಿಲೋಮೀಟರ್ ವೇಗದಲ್ಲಿ ಕ್ಯಾಬಿನ್ ಒಳಗೆ ಗುಂಯ್ ಅಂತ ಒಂದು ಸದ್ದು, ಕಿವಿಗಿಂತ ಎದೆಗೆ ಬಡಿಯುವಂಥದ್ದು, ಅರ್ಧ ಗಂಟೆಗೆ ತಲೆನೋವು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಪೈಪಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಂಪ್ ಬಂದಾಗಲೆಲ್ಲ ಪೈಪು ನೆಲಕ್ಕೆ ತಾಗುತ್ತಿತ್ತು. ಎದುರು ಮನೆ ಆಂಟಿ ‘ಮೊಮ್ಮಗು ಬೆಚ್ಚಿ ಬೀಳುತ್ತೆ ಕಣಪ್ಪ’ ಅಂದರು, ಬೈಯಲಿಲ್ಲ, ಹಾಗಾಗಿ ಇನ್ನೂ ಜಾಸ್ತಿ ಬೇಜಾರಾಯಿತು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅಪ್ಪನ ವಿಷಯಕ್ಕೆ. ಒಂದು ಸುತ್ತು ಬಂದು ಇಳಿದು, ‘ಇದು ನಮ್ಮ ಗಾಡಿ ಅಲ್ಲ ಕಣೋ’ ಅಂದರು. ಆಮೇಲೆ ನಾಲ್ಕು ತಿಂಗಳು ಅವರು ಅದರಲ್ಲಿ ಕೂರಲಿಲ್ಲ.

ಗ್ಯಾರೇಜಿಗೆ ವಾಪಸ್ ಹೋದರೆ ಕಾರ್ಬುರೇಟರ್ ತಪ್ಪು ಅಂದರು, ಟ್ಯೂನಿಂಗ್ ಅಂತ ಇನ್ನೂ 3,500 ತೆಗೆದುಕೊಂಡರು. ಒಂದಿಷ್ಟೂ ಬದಲಾಗಲಿಲ್ಲ. ತಲೆ ಕೆಟ್ಟು ಹೋಯಿತು. ಪ್ಲಗ್ ತರಲು ಜೆ.ಸಿ. ರೋಡಿಗೆ ಹೋಗಿದ್ದಾಗ ಕೌಂಟರಿನಲ್ಲಿದ್ದ ಹಿರಿಯರು ಹೊರಗೆ ನಿಂತ ಗಾಡಿಯ ಸದ್ದು ಕೇಳಿಯೇ ‘ಪ್ಲಗ್ ಆಮೇಲೆ ತಗೊಳ್ಳಿ, ಮೊದಲು ಒಳಗಡೆ ಗಲ್ಲಿಗೆ ಹೋಗಿ’ ಅಂತ ಕಳಿಸಿದರು.

ಭಾಯ್ ಮೊದಲು ಮಾಡಿದ್ದು ಏನು ಗೊತ್ತಾ? ಎಂಜಿನ್ ಆನ್ ಇರುವಾಗ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಪೈಪಿನ ಬಾಯಿಂದ ಒಂದು ಗೇಣು ದೂರದಲ್ಲಿ ಅಂಗೈ ಇಟ್ಟರು. ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಹಾಗೇ ಇದ್ದರು. ಆಮೇಲೆ ಇನ್ನೊಂದು ಪೈಪಿಗೆ. ‘ಹೊಡೀತಾನೇ ಇಲ್ಲ ಸರ್. ಸುಮ್ನೆ ಸೋರ್ತಾ ಇದೆ’ ಅಂದರು. ಆಮೇಲೆ ಪ್ರಶ್ನೆಗಳು. ಎಷ್ಟು ಸಿಸಿ? ಕಾರ್ಬುರೇಟರ್ ಒಂದೋ ಎರಡೋ? ಒಳಗೆ ಕ್ಯಾಮ್ ಗೀಮ್ ಬದಲಾಯಿಸಿದ್ದೀರಾ? ಲೋಡ್ ಹಾಕ್ತೀರಾ? ಊರೊಳಗೆ ಜಾಸ್ತಿ ಓಡಿಸ್ತೀರಾ, ಹೈವೇನಾ? ರೇಸ್ ಎಷ್ಟು ಎತ್ತುತ್ತೀರಾ? ಮೊದಲ ಗ್ಯಾರೇಜಿನಲ್ಲಿ ಇಷ್ಟರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಬಣ್ಣ ಯಾವುದು ಬೇಕು ಅಂತ ಕೇಳಿದ್ದರು.

ಮಾರನೇ ದಿನ ಫ್ಲೇಂಜ್, ಅಂದರೆ ಪೈಪನ್ನು ಮ್ಯಾನಿಫೋಲ್ಡಿಗೆ ಬೋಲ್ಟ್ ಹಾಕಿ ಕೂಡಿಸುವ ಪಟ್ಟಿ, ಬಿಚ್ಚಿದರು. ವರ್ನಿಯರ್ ಅನ್ನುವ ಸೂಕ್ಷ್ಮ ಅಳತೆಯ ಸಾಧನ ಇಟ್ಟು ಮ್ಯಾನಿಫೋಲ್ಡಿನ ಬಾಯಿ ಅಳೆದರು, ಒಳಗಿನ ಅಗಲ 41 ಎಂಎಂ. ಸೀಮೆಸುಣ್ಣ ತೆಗೆದು ಅಂಗಡಿ ನೆಲದ ಮೇಲೆ ಆ ಅಳತೆಗೆ ಒಂದು ವೃತ್ತ ಬರೆದರು. ಅದರ ಸುತ್ತ ನಾನು ಹಾಕಿಸಿದ್ದ 2.5 ಇಂಚಿನ ಪೈಪಿನ ಒಳ ಅಗಲಕ್ಕೆ ಇನ್ನೊಂದು ವೃತ್ತ. ಕೋಳಿಮೊಟ್ಟೆಯ ಹಳದಿ ಭಾಗ, ಬಿಳಿ ಭಾಗದ ಹಾಗೆ ಕಾಣುತ್ತಿತ್ತು. ಬಾಯಿಂದ ಹೊರಗೆ ಬಂದ ತಕ್ಷಣ ಹೊಗೆಗೆ ಎರಡು ಪಟ್ಟಿಗಿಂತ ಜಾಸ್ತಿ ಜಾಗ. ಅವರು ಏನೂ ಹೇಳಲಿಲ್ಲ, ನನಗೇ ಅರ್ಥ ಆಯಿತು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ, ಇಲ್ಲಿ ಕೊಡುತ್ತೇನೆ, ನಿಮಗೂ ಬೇಕಾಗುತ್ತದೆ. ಸೈಲೆನ್ಸರ್ ಕೆಲಸದಲ್ಲಿ ಪೈಪಿನ ಇಂಚು ಅಂದರೆ ಹೊರಗಿನ ಅಳತೆ. 16 ಗೇಜ್ ತಗಡು ಅಂದರೆ 1.6 ಎಂಎಂ ದಪ್ಪ, ಎರಡೂ ಕಡೆ ಸೇರಿ 3.2 ಎಂಎಂ ಕಳೆದರೆ ಒಳ ಅಗಲ ಸಿಗುತ್ತದೆ. ನಮ್ಮ ಗಾಡಿಯಲ್ಲಿ ಮೊದಲಿದ್ದ ಒಂಟಿ ಪೈಪು 2 ಇಂಚಿನದು. ಅದರೊಳಗೆ ಹೊಗೆ ಹೋಗಲು ಸುಮಾರು 1,780 ಚದರ ಎಂಎಂ ಜಾಗ. 1.75 ಇಂಚಿನ ಪೈಪಾದರೆ ಒಂದಕ್ಕೆ 1,336, ಎರಡು ಸೇರಿ 2,670. ಅಂದರೆ ಹಳೆಯದರ ಒಂದೂವರೆ ಪಟ್ಟು. 2 ಇಂಚಿನವು ಎರಡು ಹಾಕಿದರೆ ಸರಿಯಾಗಿ ಎರಡು ಪಟ್ಟು. ನಾನು ದುಡ್ಡು ಕೊಟ್ಟು ಹಾಕಿಸಿಕೊಂಡ 2.5 ಇಂಚಿನವು ಎರಡು ಸೇರಿ 5,700ಕ್ಕೂ ಜಾಸ್ತಿ, ಮೂರು ಪಟ್ಟಿಗಿಂತ ಹೆಚ್ಚು. ಎಂಜಿನ್ ಮಾತ್ರ ಅದೇ 112 ಹಾರ್ಸ್ ಪವರಿನದ್ದು. ಅದರ ಮೇಲೆ ಕೂತಿರುವುದು ಒಂದೇ ಬಾಯಿಯ ರೋಚೆಸ್ಟರ್ ಕಾರ್ಬುರೇಟರ್. ಅದರೊಳಗೆ ಎಷ್ಟು ಗಾಳಿ ಹೋಗುತ್ತದೋ ಅಷ್ಟೇ ಹೊಗೆ ಹಿಂದಿನಿಂದ ಬರಬೇಕು, ಅಲ್ವಾ? ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ತೆಳು. ಎಂಜಿನ್ ಉಸಿರಾಡುವುದೇ ಅಷ್ಟು ಕಮ್ಮಿ. ಅದಕ್ಕೆ ಮೂರು ಪಟ್ಟು ದೊಡ್ಡ ಪೈಪು ಯಾಕೆ ಬೇಕಿತ್ತು ಅಂತ ಈಗಲೂ ಸಂಕಟ ಆಗುತ್ತದೆ.

ಇನ್ನೊಂದು ಮಾತು, ಪೈಪು ನೀವೇ ತರುವುದಾದರೆ ಎಚ್ಚರ. ಎಸ್.ಪಿ. ರೋಡ್ ಕಡೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸುಮ್ನೆ ‘2 ಇಂಚು ಪೈಪು’ ಅಂದರೆ ನೀರಿನ ಪೈಪಿನ ಅಳತೆಯದ್ದು ಕೊಡಬಹುದು. ಅದರ 2 ಇಂಚು ಅನ್ನುವುದು ಹೆಸರಿಗೆ, ಹೊರಗಿನ ಅಳತೆ 60.3 ಎಂಎಂ ಇರುತ್ತದೆ. ಸೈಲೆನ್ಸರ್‌ಗೆ ಬೇಕಾದ 2 ಇಂಚು ಅಂದರೆ 50.8 ಎಂಎಂ. ‘ಓಡಿ 50.8’ (ಓಡಿ ಅಂದರೆ ಹೊರಗಿನ ಅಳತೆ) ಅಂತ ಎಂಎಂನಲ್ಲೇ ಕೇಳಿ, ಟೇಪು ಹಿಡಿದು ನೋಡಿ, ಆಮೇಲೆ ಕತ್ತರಿಸಿ.

ದೊಡ್ಡ ಪೈಪಿಂದ ಎಳೆತ ಯಾಕೆ ಹೋಗುತ್ತದೆ ಅನ್ನುವುದು ನನಗೆ ತುಂಬ ದಿನ ತಲೆಗೆ ಹೋಗಿರಲಿಲ್ಲ. ಅಜ್ಜಿಯ ಊದುಗೊಳವೆ ನೆನಪಾದ ಮೇಲೆ ಹೋಯಿತು. ಸೌದೆ ಒಲೆಗೆ ಊದುಗೊಳವೆ ಇಟ್ಟು ಊದಿದರೆ ಗಾಳಿ ನೆಟ್ಟಗೆ ಹೋಗಿ ಕೆಂಡಕ್ಕೆ ಬಡಿಯುತ್ತದೆ. ಅದೇ ಉಸಿರನ್ನು ದಪ್ಪ ಬಿದಿರಿನ ಬೊಂಬಿನಲ್ಲಿ ಊದಿ ನೋಡಿ, ಬೂದಿಯೂ ಅಲ್ಲಾಡುವುದಿಲ್ಲ. ಎಂಜಿನ್‌ನಿಂದ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ಒಂದೊಂದು ಸಿಲಿಂಡರಿಂದ ಒಂದೊಂದು ಉಸಿರಿನ ಹಾಗೆ ದೂಡಿ ದೂಡಿ ಬರುತ್ತದೆ. ಪೈಪು ಅಳತೆಗೆ ಸರಿ ಇದ್ದರೆ ಆ ಉಸಿರು ವೇಗವಾಗಿ ಓಡುತ್ತದೆ, ಓಡುವಾಗ ತನ್ನ ಹಿಂದೆ ಒತ್ತಡ ಕಮ್ಮಿ ಮಾಡಿಕೊಂಡು ಹೋಗುತ್ತದೆ, ಅದು ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪು ಅಗಲ ಜಾಸ್ತಿ ಆದರೆ ಉಸಿರು ಹರಡಿಹೋಗುತ್ತದೆ, ನಿಧಾನ ಆಗುತ್ತದೆ, ತಣ್ಣಗಾಗುತ್ತದೆ. ಎಳೆದುಕೊಳ್ಳುವ ಕೆಲಸ ನಿಲ್ಲುತ್ತದೆ. ತಣ್ಣಗಾದ ಹೊಗೆಯಲ್ಲಿನ ಹಬೆ ನೀರಾಗಿ ಪೈಪೊಳಗೇ ನಿಲ್ಲುತ್ತದೆ. ಬೆಳಗ್ಗೆ ತೊಟ್ಟಿಕ್ಕುತ್ತಿದ್ದ ನೀರು ಅದೇ. ಮೈಲ್ಡ್ ಸ್ಟೀಲ್, ಅಂದರೆ ತುಕ್ಕು ಹಿಡಿಯುವ ಸಾದಾ ಉಕ್ಕಿನ ಪೈಪಾಗಿದ್ದರೆ ಒಳಗಿಂದ ತುಕ್ಕು ಹಿಡಿದು ಕೊಳೆಯುತ್ತಿತ್ತು.

ಇದು ಜಾಸ್ತಿ ಕಾಣುವುದು ಕೆಳಗಿನ ಆರ್‌ಪಿಎಂನಲ್ಲಿ. ನಮ್ಮ ಗಾಡಿ ಬದುಕುವುದೇ ಅಲ್ಲಿ. 5,000 ಆರ್‌ಪಿಎಂಗೆ ಎತ್ತಿ ಓಡಿಸುವ ದೊಡ್ಡ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಆಗಿದ್ದರೆ 2.5 ಇಂಚು ಸರಿ ಇರಬಹುದು.

‘ಬ್ಯಾಕ್ ಪ್ರೆಷರ್ ಬೇಕು ಸರ್, ಇಲ್ಲಾಂದ್ರೆ ಎಳೆಯಲ್ಲ’ ಅನ್ನುವ ಮಾತು ಎಷ್ಟೋ ಗ್ಯಾರೇಜಲ್ಲಿ ಕೇಳಿದ್ದೇನೆ. ಭಾಯ್ ಇದನ್ನು ಒಪ್ಪಲಿಲ್ಲ, ಈಗ ನಾನೂ ಒಪ್ಪುವುದಿಲ್ಲ. ಹೊಗೆಗೆ ಅಡ್ಡ ಬರುವ ಒತ್ತಡದಿಂದ ಎಂಜಿನ್‌ಗೆ ಒಳ್ಳೆಯದೇನೂ ಆಗುವುದಿಲ್ಲ. ಬೇಕಾಗಿರುವುದು ವೇಗ. ಪೈಪು ಸಣ್ಣ ಆದರೆ ವೇಗವೂ ಬರುತ್ತದೆ, ಅಡ್ಡಿಯೂ ಬರುತ್ತದೆ. ಅಡ್ಡಿ ಶುರು ಆಗುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಬೇಕು. ಆ ಜಾಗ ಎಲ್ಲಿದೆ ಅನ್ನುವುದು ಎಂಜಿನ್ ಎಷ್ಟು ಉಸಿರಾಡುತ್ತದೆ ಅನ್ನುವುದರ ಮೇಲಿದೆ, ಗಾಡಿಯ ಗಾತ್ರದ ಮೇಲಲ್ಲ.

ಭಾಯ್ ಹೇಳಿದ ಪ್ಲಾನ್ ಹೀಗೆ. ಎರಡು ಮ್ಯಾನಿಫೋಲ್ಡಿನಿಂದ ಎರಡು ‘ಒಂದೂ ಮುಕ್ಕಾಲು’, ಅಂದರೆ 1.75 ಇಂಚಿನ ಪೈಪು. ಅದರ ಒಳ ಅಗಲ 41 ಎಂಎಂ ಚಿಲ್ಲರೆ, ಬಾಯಿಗೆ ಬೆರಳಿಟ್ಟು ಸವರಿದರೂ ಮೆಟ್ಟಿಲು ಸಿಗುವುದಿಲ್ಲ. ಗೇರ್‌ಬಾಕ್ಸ್ ಪಕ್ಕದಲ್ಲಿ ಎರಡೂ ಸೇರಿ ಒಂದೇ ‘ಎರಡೂ ಕಾಲು’, 2.25 ಇಂಚು. ಅಲ್ಲಿಂದ ಒಂದೇ ಸೈಲೆನ್ಸರ್, ಒಂದೇ ಬಾಲ. ಎರಡು ಪೈಪಿನ 2,670 ಚದರ ಎಂಎಂ ಹೋಗಿ ಒಂದರ 2,290 ಆಗುತ್ತದಲ್ಲ, ಕಮ್ಮಿ ಆಗಲ್ವಾ ಅಂತ ಕೇಳಿದೆ. ‘ಅಷ್ಟು ದೂರ ಬರೋವಾಗ ತಣ್ಣಗಾಗಿರುತ್ತೆ ಸರ್, ತಣ್ಣಗಾದದ್ದು ಕುಗ್ಗುತ್ತೆ, ಜಾಗ ಕಮ್ಮಿ ಸಾಕು’ ಅಂದರು. ಎಷ್ಟು ಸರಳ, ಎಷ್ಟು ಸರಿ.

ಎರಡನ್ನೂ ಸೇರಿಸುವುದರಲ್ಲಿ ಇನ್ನೊಂದು ಲಾಭ ಇದೆ, ಇದು ಈ ಎಂಜಿನ್‌ನ ಚಂದ. ಇದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-5-3-6-2-4. ಒಂದು ಸಲ ಬೆರಳಿಟ್ಟು ಎಣಿಸಿ. ಒಂದು ಮುಂದಿನ ಗುಂಪಿನದು, ಐದು ಹಿಂದಿನದು, ಮೂರು ಮುಂದಿನದು, ಆರು ಹಿಂದಿನದು, ಎರಡು ಮುಂದೆ, ನಾಲ್ಕು ಹಿಂದೆ. ಒಂದು ಸಲ ಇಲ್ಲಿ, ಒಂದು ಸಲ ಅಲ್ಲಿ, ಒನಕೆಯಲ್ಲಿ ಇಬ್ಬರು ಸರದಿ ಮೇಲೆ ಕುಟ್ಟಿದ ಹಾಗೆ. ಒಂದೊಂದು ಪೈಪಿಗೂ ಎಂಜಿನ್ ಸರಿಯಾಗಿ 240 ಡಿಗ್ರಿ ತಿರುಗಿದಾಗಲೆಲ್ಲ ಒಂದು ಉಸಿರು. ಸೇರುವ ಜಾಗದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ, ಒಂದು ಹೋಗುವಾಗ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಸೇರಿಸುವುದು ಟಿ ಆಕಾರದಲ್ಲಿ ಅಲ್ಲ, ಎರಡು ನದಿ ಸಂಗಮದ ಹಾಗೆ ಓರೆಯಾಗಿ ಸೇರಬೇಕು. ಭಾಯ್ ಎರಡೂ ಪೈಪನ್ನು ಉದ್ದಕ್ಕೆ ಓರೆ ಕತ್ತರಿಸಿ, ಮಧ್ಯದ ಗೋಡೆ ಚೂಪಾಗಿ ಬರುವ ಹಾಗೆ ಜೋಡಿಸಿ ವೆಲ್ಡ್ ಮಾಡಿದರು. ಒಳಗೆ ಬೆರಳು ಹಾಕಿ ನೋಡಿದೆ, ವೆಲ್ಡಿನ ಗಂಟು ಒಂದೂ ಇಲ್ಲ, ಅರ ಹಾಕಿ ಉಜ್ಜಿದ್ದರು.

ಪೈಪು ಬಗ್ಗಿಸಿದ್ದನ್ನು ಹೇಳಲೇಬೇಕು. ಎಷ್ಟೋ ಕಡೆ ಮೆಷಿನ್‌ಗೆ ಕೊಟ್ಟು ಒತ್ತುತ್ತಾರೆ, ಬಾಗಿದ ಜಾಗದಲ್ಲಿ ಪೈಪು ಚಪ್ಪಟೆ ಆಗುತ್ತದೆ. 1.75 ಇಂಚು ಹಾಕಿಸಿ ಬೆಂಡಿನಲ್ಲಿ ಒಂದೂವರೆ ಆದರೆ ಇಷ್ಟೆಲ್ಲ ಲೆಕ್ಕ ಹಾಕಿ ಏನು ಪ್ರಯೋಜನ? ಭಾಯ್ ಹಳೇ ಪದ್ಧತಿಯಲ್ಲಿ ಮಾಡುತ್ತಾರೆ. ಹುಡುಗ ಒಂದು ಬಾಂಡ್ಲಿಯಲ್ಲಿ ಮರಳು ಹುರಿಯುತ್ತಿದ್ದ, ಕಡಲೆಕಾಯಿ ಹುರಿಯುವ ಹಾಗೆ. ಪೂರ್ತಿ ಒಣಗಿರಬೇಕಂತೆ. ಚೂರು ತೇವ ಇದ್ದರೂ ಕಾದಾಗ ಹಬೆಯಾಗಿ ಬಿರಡೆ ಹಾರಿ ಮುಖಕ್ಕೆ ಬಡಿಯುತ್ತದೆ. ಪೈಪಿನ ಒಂದು ತುದಿಗೆ ಮರದ ಬಿರಡೆ ಬಡಿದು, ಮರಳು ತುಂಬಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುತ್ತಾ ಇನ್ನಷ್ಟು ತುಂಬಿ, ಇನ್ನು ಒಂದು ಹಿಡಿಯೂ ಹಿಡಿಯುವುದಿಲ್ಲ ಅನ್ನುವಾಗ ಇನ್ನೊಂದು ಬಿರಡೆ. ಆಮೇಲೆ ಗ್ಯಾಸ್ ಟಾರ್ಚಿನಲ್ಲಿ ಬಗ್ಗಬೇಕಾದ ಜಾಗ ಮಾತ್ರ ಕೆಂಪಗೆ ಕಾಯಿಸಿ, ನೆಲಕ್ಕೆ ಹುಗಿದ ಕಂಬಕ್ಕೆ ಒರಗಿಸಿ, ಅಳಿಯ ಒಂದು ಕಡೆ ಹಿಡಿದರೆ ಭಾಯ್ ನಿಧಾನಕ್ಕೆ ಎಳೆದರು. ತಂತಿಯಲ್ಲಿ ಮೊದಲೇ ಮಾಡಿಟ್ಟುಕೊಂಡ ಆಕಾರಕ್ಕೆ ಹಿಡಿದು ನೋಡುತ್ತಾ, ಮತ್ತೆ ಕಾಯಿಸುತ್ತಾ. ಮೂರು ಬೆಂಡಿಗೆ ಅರ್ಧ ದಿನ. ತಣ್ಣಗಾದ ಮೇಲೆ ಮರಳು ಸುರಿದು ವರ್ನಿಯರ್ ನನ್ನ ಕೈಗೇ ಕೊಟ್ಟರು. ಬೆಂಡಿನ ಜಾಗದಲ್ಲಿ ಅಗಲ ಒಂದು ಎಂಎಂ ಕೂಡ ಕಮ್ಮಿ ಆಗಿರಲಿಲ್ಲ.

ನಮ್ಮ ಗಾಡಿ ರೈಟ್ ಹ್ಯಾಂಡ್ ಡ್ರೈವ್ ಆಗಿರುವುದು ಇಲ್ಲಿ ಒಳ್ಳೆಯದಾಯಿತು. ಈ ಎಂಜಿನ್‌ಗೆ ಮ್ಯಾನಿಫೋಲ್ಡ್ ಇರುವುದು ಎಡಗಡೆ, ಸ್ಟೀರಿಂಗ್ ಬಾಕ್ಸ್ ಬಲಗಡೆ. ಎರಡು ಪೈಪು ಇಳಿಸಲು ಜಾಗ ಧಾರಾಳ.

ಫಿಟಿಂಗ್ ದಿನ ಹೊಸ ಪ್ಯಾಕಿಂಗ್ ಹಾಕಿ, ನಡುವಿನ ಬೋಲ್ಟ್ ಮೊದಲು, ತುದಿಯವು ಕೊನೆಗೆ, ತುದಿಯವನ್ನು ಸ್ವಲ್ಪ ಸಡಿಲವಾಗಿಯೇ ಬಿಟ್ಟರು. ನಮ್ಮ ಹಳೇ ಮ್ಯಾನಿಫೋಲ್ಡ್ ಯಾಕೆ ಸೀಳಿತು ಅಂತ ನಾನು ಹೇಳುವ ಮುಂಚೆಯೇ ಅವರು ಹೇಳಿದರು. ಎಂಜಿನ್ ಬಿಸಿ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಒಂದು ಸುತ್ತು ಬಿಗಿದರು. ಪೈಪಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಎಲ್ಲಾದರೂ ಬುಸ್ ಅನ್ನುತ್ತದಾ ಅಂತ ಹುಡುಗನ ಕೈಲಿ ಗಾಡಿಯ ಕೆಳಗೆ ಕೇಳಿಸಿದರು. ಫ್ಲೇಂಜಿನ ಹತ್ತಿರ ಒಂದು ಕಡೆ ಬುಸ್ ಅಂದಿತು. ಬಿಚ್ಚಿ, ಫ್ಲೇಂಜ್ ಮುಖ ಉಜ್ಜಿ ಸಮ ಮಾಡಿ ಮತ್ತೆ ಹಾಕಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಹನುಮಂತನಗರದ ಅದೇ ಏರು. ಎರಡನೇ ಗೇರು. ಹತ್ತಿತು, ಅಷ್ಟೇ ಅಲ್ಲ, ಮೇಲೆ ಹೋಗುವಾಗ ಇನ್ನೂ ಆಕ್ಸಿಲರೇಟರ್ ಉಳಿದಿತ್ತು. ಮುಂದಿನ ಭಾನುವಾರ ನಂದಿ ಬೆಟ್ಟಕ್ಕೆ ಹೋದೆವು, ಅಪ್ಪ ಪಕ್ಕದಲ್ಲಿ. ಮೇಲಿನ ತಿರುವುಗಳಲ್ಲಿ ಕೂಡ ಒಂದನೇ ಗೇರಿಗೆ ಇಳಿಸಿದ್ದು ಎರಡೇ ಸಲ, ಅದೂ ಎದುರಿಗೆ ಕಾರು ಬಂದದ್ದಕ್ಕೆ. ಕ್ಯಾಬಿನ್ ಒಳಗಿನ ಗುಂಯ್ ಪೂರ್ತಿ ಹೋಗಿದೆ. ಸದ್ದು ಈಗ ತಗ್ಗಿದೆ, ದಪ್ಪಗಿದೆ, ಆರೂ ಸಿಲಿಂಡರ್ ಒಂದೇ ಲಯದಲ್ಲಿ ಕೇಳುತ್ತದೆ. ಅಪ್ಪ ಕಿಟಕಿ ಇಳಿಸಿಕೊಂಡು ಚಿಕ್ಕಬಳ್ಳಾಪುರ ರೋಡ್ ಉದ್ದಕ್ಕೂ ಮಾತೇ ಆಡಲಿಲ್ಲ. ದೇವನಹಳ್ಳಿ ಹತ್ತಿರ ‘ತಾತ ಬ್ರೇಕ್ ಹೊಡೆಯೋ ಮುಂಚೆ ಹಿಂಗೇ ಕೇಳಿಸ್ತಿತ್ತು, ನಾವು ಗೇಟ್ ತೆಗೆಯೋಕೆ ಓಡ್ತಿದ್ವಿ’ ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಈಗ ಅಂಗಡಿಯ ಕೊರತೆಗಳು. ಮೂರು ದಿನ ಅಂದವರು ಆರು ದಿನ ತೆಗೆದುಕೊಂಡರು. ಫೋನ್ ಎತ್ತುವುದಿಲ್ಲ, ಹೋಗಿಯೇ ನೋಡಬೇಕು. ಗಾಡಿ ಎತ್ತಲು ಲಿಫ್ಟ್ ಇಲ್ಲ, ಜ್ಯಾಕ್ ಮತ್ತು ಮರದ ದಿಮ್ಮಿ. ಗಾಡಿ ಕೆಳಗೆ ಮಲಗಿ ಕೆಲಸ ಮಾಡುವವರಿಗೆ ಇದು ಅಪಾಯ, ಗಟ್ಟಿ ಸ್ಟ್ಯಾಂಡ್ ತರಿಸಿ ಅಂತ ನಾನು ಎರಡು ಸಲ ಹೇಳಿ ಬಂದಿದ್ದೇನೆ. ಗಲ್ಲಿ ಸಣ್ಣದು, ಪಿಕಪ್ ಉದ್ದ, ಹಗಲು ಹೊತ್ತು ಒಳಗೆ ತರುವುದು ಆಗದ ಮಾತು. ಬೆಳಗ್ಗೆ ಏಳಕ್ಕೆ ಮುಂಚೆ ತನ್ನಿ. ಭಾನುವಾರ ರಜೆ, ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ. ಬಿಲ್ಲು ಅಂದರೆ ಒಂದು ಚೀಟಿ. ವೆಲ್ಡ್ ಗಟ್ಟಿ ಇದೆ, ಆದರೆ ಹೊರಗಿನಿಂದ ಪಾಲಿಶ್ ಮಾಡಿ ಹೊಳೆಯಿಸಿಲ್ಲ, ಶೋಗೆ ನಿಲ್ಲಿಸುವ ಗಾಡಿಯಾದರೆ ಇದು ನಿಮಗೆ ಇಷ್ಟ ಆಗದೆ ಇರಬಹುದು. ಪೈಪು ನೇತುಹಾಕಲು ಬಳಸಿದ ರಬ್ಬರ್ ಪಟ್ಟಿ ಒಂದು ಸಾವಿರ ಕಿಲೋಮೀಟರ್ ಹೊತ್ತಿಗೆ ಸೀಳಿತು. ಹೋಗಿ ಹೇಳಿದೆ, ದಪ್ಪದ್ದು ಹಾಕಿಕೊಟ್ಟರು.

ಒಟ್ಟು ಖರ್ಚು 23,500. ಇದರಲ್ಲಿ ಪೈಪು, ಸೈಲೆನ್ಸರ್, ಫ್ಲೇಂಜ್, ಕೂಲಿ ಎಲ್ಲ ಸೇರಿದೆ. ಮೊದಲ ಗ್ಯಾರೇಜಿನ ಸ್ಟೀಲ್ ಪೈಪುಗಳನ್ನು ಭಾಯ್ ತೂಕಕ್ಕೆ ತೆಗೆದುಕೊಂಡು ಅದರಲ್ಲಿ ಕಳೆದರು. ಹೊಸದಕ್ಕೆ ಮೈಲ್ಡ್ ಸ್ಟೀಲೇ ಸಾಕು ಅಂದದ್ದೂ ಅವರೇ. ಸ್ಟೇನ್‌ಲೆಸ್ 304 ಹಾಕಿಸುವುದಾದರೆ ಒಂದು ವಿಷಯ ತಿಳಿದಿರಲಿ, ಅದು ಕಾದಾಗ ಮೈಲ್ಡ್ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ. ಪೈಪನ್ನು ಚಾಸಿಗೆ ಗಟ್ಟಿಯಾಗಿ ಕಚ್ಚಿಸಿದರೆ ಆ ಹಿಗ್ಗುವಿಕೆಯ ಬಲ ಪೂರ್ತಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಬೀಡು ತಡೆಯುವುದಿಲ್ಲ.

ಡಿಸೆಂಬರ್ ಬೆಳಗ್ಗೆ ಎಂಜಿನ್ ಬಿಸಿ ಆಗಲು ಮೊದಲಿಗಿಂತ ಎರಡು ಮೂರು ನಿಮಿಷ ಜಾಸ್ತಿ ಬೇಕು, ಚೋಕ್ ಎಳೆದಿಟ್ಟುಕೊಂಡಿರಬೇಕು. ಅದು ಪೈಪಿನ ತಪ್ಪಲ್ಲ. ಹಳೇ ಮ್ಯಾನಿಫೋಲ್ಡಿನಲ್ಲಿ ಕಾರ್ಬುರೇಟರಿನ ಕೆಳಗೆ ಬಿಸಿ ಹೊಗೆ ತಿರುಗಿಸುವ ಕವಾಟ ಇತ್ತು, ನಮಗೆ ಬಂದ ಹೊಸ ಎರಡು ತುಂಡಿನದ್ದರಲ್ಲಿ ಅದಿಲ್ಲ. ಎರಡು ತುಂಡಿನದ್ದು ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಹಳೇ ಮ್ಯಾನಿಫೋಲ್ಡನ್ನು ನಾನು ಎಸೆದಿಲ್ಲ, ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಬೇರೆ ಸಾಲಿನ ನಂಬರ್ ಸಿಗುತ್ತದೆ, ಆದರೆ ಗಾಡಿ ಮೂಲ ರೂಪದಲ್ಲಿ ಇರಬೇಕು ಅನ್ನುತ್ತದೆ. ಯಾವತ್ತಾದರೂ ಅರ್ಜಿ ಹಾಕುವಾಗ ಮೂಲದ ಭಾಗ ಕೈಲಿ ಇದ್ದರೆ ಒಳ್ಳೆಯದು. ಸದ್ದಿನ ವಿಷಯಕ್ಕೂ ಒಂದೇ ಸೈಲೆನ್ಸರ್, ಒಂದೇ ಬಾಲ ಇರುವುದು ನಿಶ್ಚಿಂತೆ. ಟ್ರಾಫಿಕ್ ಪೊಲೀಸರು ನಿಲ್ಲಿಸುತ್ತಾರೆ ನಿಜ, ಗಾಡಿ ಯಾವ ವರ್ಷದ್ದು ಅಂತ ಕೇಳಿ ಫೋಟೋ ತೆಗೆದುಕೊಂಡು ಕಳಿಸುತ್ತಾರೆ.

ಹಳೇ ಮಹೀಂದ್ರ ಜೀಪಿನವರು ನನ್ನನ್ನು ಕೇಳುತ್ತಿರುತ್ತಾರೆ. 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಆದರೆ ನನ್ನ ಅಭಿಪ್ರಾಯದಲ್ಲಿ 1.75 ಇಂಚಿನ ಒಂದೇ ಪೈಪು ಸಾಕು, ಯಾರಾದರೂ 2.5 ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ಭಾಯ್ ಹತ್ತಿರ ಹೋಗುವಾಗ ಎಂಜಿನ್ ಎಷ್ಟು ಸಿಸಿ, ಕಾರ್ಬುರೇಟರ್ ಯಾವುದು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮ್ಯಾನಿಫೋಲ್ಡ್ ಬಾಯಿ ಅವರೇ ಅಳೆಯುತ್ತಾರೆ, ಪಕ್ಕದಲ್ಲಿ ನಿಂತು ನೋಡಿ, ಬೇಡ ಅನ್ನುವುದಿಲ್ಲ. ಹುಡುಗ ಟೀ ತರುತ್ತಾನೆ.